ಚೀಟಿ ಎತ್ತಿ ಅಧಿಕಾರ ಹಂಚಿದ ಊರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಪ್ರಾಚೀನ ಗ್ರೀಸ್ ಎಂದರೆ ಒಂದೆರಡು ಅಂಕದ ವಿಷಯ. ‘ಪ್ರಜಾಪ್ರಭುತ್ವದ ತವರು: ಅಥೆನ್ಸ್’ ಎಂದು ಗೆರೆ ಎಳೆದು ಪುಟ ತಿರುಗಿಸಿಬಿಡುತ್ತೇವೆ. ಆದರೆ ಆ ಊರಿನಲ್ಲಿ ಸರ್ಕಾರಿ ಹುದ್ದೆಗಳನ್ನು ಹೇಗೆ ತುಂಬುತ್ತಿದ್ದರು ಎಂದು ಗೊತ್ತಾದರೆ, ಕೆಲಸ ಹುಡುಕುತ್ತಿರುವ ಯಾರಿಗಾದರೂ ಅಚ್ಚರಿಯಾಗುತ್ತದೆ. ಬಹುಪಾಲು ಹುದ್ದೆಗಳಿಗೆ ಅಲ್ಲಿ ಪರೀಕ್ಷೆಯೂ ಇರಲಿಲ್ಲ, ಚುನಾವಣೆಯೂ ಇರಲಿಲ್ಲ. ಚೀಟಿ ಎತ್ತುತ್ತಿದ್ದರು!

ಬೆಟ್ಟ, ಕಡಲು ಮತ್ತು ಹಡಗು

ಗ್ರೀಸ್‌ನ ಹೆಚ್ಚಿನ ನೆಲ ಬೆಟ್ಟಗುಡ್ಡ. ನಡುವೆ ಸಣ್ಣ ಸಣ್ಣ ಕಣಿವೆಗಳು, ಸುತ್ತ ಕಡಲು, ಕಡಲ ತುಂಬ ದ್ವೀಪಗಳು. ಹೀಗಾಗಿ ಅಲ್ಲಿ ಒಂದೇ ದೊಡ್ಡ ಸಾಮ್ರಾಜ್ಯ ಬೆಳೆಯಲಿಲ್ಲ. ನೂರಾರು ಪುಟ್ಟ ನಗರರಾಜ್ಯಗಳು ಹುಟ್ಟಿಕೊಂಡವು. ಭಾಷೆ ಒಂದೇ, ದೇವರು ಅವರೇ, ಒಲಿಂಪಿಯಾದ ಕ್ರೀಡಾಕೂಟಕ್ಕೆ ಎಲ್ಲರೂ ಬರುತ್ತಿದ್ದರು. ಆದರೆ ಪ್ರತಿ ಊರಿಗೂ ತನ್ನದೇ ಕಾನೂನು, ತನ್ನದೇ ಸೈನ್ಯ. ಸ್ಪಾರ್ಟಾದಲ್ಲಿ ಏಕಕಾಲಕ್ಕೆ ಇಬ್ಬರು ರಾಜರಿದ್ದರೆ, ಅಥೆನ್ಸ್‌ನಲ್ಲಿ ಪ್ರಜೆಗಳ ಸಭೆಯೇ ದೊಡ್ಡದು.

ಅಥೆನ್ಸ್ ಇದ್ದ ಆಟಿಕಾ ಪ್ರದೇಶದ ಮಣ್ಣು ತೆಳು. ಆಲಿವ್ ಚೆನ್ನಾಗಿ ಬೆಳೆಯುತ್ತಿತ್ತು, ಗೋಧಿ ಸಾಲುತ್ತಿರಲಿಲ್ಲ. ಕಪ್ಪು ಸಮುದ್ರದ ಕಡೆಯಿಂದ ಧಾನ್ಯ ತರಿಸಬೇಕಿತ್ತು. ಹಾಗಾಗಿ ಹಡಗೇ ಆ ಊರಿನ ಜೀವಾಳ. ಕ್ರಿ.ಪೂ. 483ರಲ್ಲಿ ಲಾರಿಯಮ್ ಗಣಿಯಲ್ಲಿ ಭಾರಿ ಬೆಳ್ಳಿ ಸಿಕ್ಕಾಗ, ಅದನ್ನು ಎಲ್ಲರೂ ಹಂಚಿಕೊಳ್ಳುವುದು ಬೇಡ, ಯುದ್ಧನೌಕೆ ಕಟ್ಟೋಣ ಎಂದು ಥೆಮಿಸ್ಟಾಕ್ಲಿಸ್ ಜನರನ್ನು ಒಪ್ಪಿಸಿದ. ಮೂರು ವರ್ಷಗಳ ನಂತರ ಸಲಾಮಿಸ್ ಬಳಿ ಅದೇ ನೌಕೆಗಳು ಪರ್ಷಿಯಾದ ದಂಡನ್ನು ಸೋಲಿಸಿದವು. ಪ್ರತಿ ನೌಕೆಗೂ 170 ಮಂದಿ ಹುಟ್ಟು ಹಾಕುವವರು ಬೇಕಿತ್ತು. ಅವರಲ್ಲಿ ಹೆಚ್ಚಿನವರು ಬಡವರು. ಊರು ಉಳಿಸಿದ ಕೈಗಳಿಗೆ ಊರಿನ ಆಡಳಿತದಲ್ಲಿ ಪಾಲು ಕೊಡದೆ ಇರಲು ಸಾಧ್ಯವೇ?

ಆ ಕದನವನ್ನು ಕುರಿತು ಎಸ್ಕಿಲಸ್ ಬರೆದ ನಾಟಕ ಕ್ರಿ.ಪೂ. 472ರಲ್ಲಿ ರಂಗಕ್ಕೆ ಬಂತು. ಗೆದ್ದವರ ಊರಿನಲ್ಲೇ ಸೋತವರ ಅಳಲನ್ನು ತೋರಿಸಿದ ನಾಟಕವದು. ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ.

ಒಂದು ದಿನದ ಅಧ್ಯಕ್ಷ

ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಎಂಬಾತ ಪ್ರಜೆಗಳನ್ನು ಹೊಸದಾಗಿ ಹತ್ತು ಗುಂಪುಗಳಾಗಿ ವಿಂಗಡಿಸಿದ. ಪ್ರತಿ ಗುಂಪಿನಲ್ಲೂ ನಗರದವರು, ಕರಾವಳಿಯವರು, ಒಳನಾಡಿನವರು ಬೆರೆತಿರುವಂತೆ ನೋಡಿಕೊಂಡ. ಹಳೆಯ ಮನೆತನಗಳ ಹಿಡಿತ ಸಡಿಲವಾಗಲಿ ಎಂಬುದು ಇದರ ಫಲ. ಗುಂಪಿಗೆ 50ರಂತೆ 500 ಜನರ ಮಂಡಳಿ ರಚನೆಯಾಯಿತು. 30 ವರ್ಷ ದಾಟಿದವರನ್ನು ಚೀಟಿ ಎತ್ತಿ ಆರಿಸುವ ಪದ್ಧತಿ ಬಂತು. ಅವಧಿ ಒಂದೇ ವರ್ಷ. ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಮಂಡಳಿಯ ಅಧ್ಯಕ್ಷನಂತೂ ಒಂದು ಹಗಲು, ಒಂದು ರಾತ್ರಿಯ ಮಟ್ಟಿಗೆ ಮಾತ್ರ. ಖಜಾನೆಯ ಬೀಗದ ಕೈ ಅಷ್ಟು ಹೊತ್ತು ಅವನ ಬಳಿ ಇರುತ್ತಿತ್ತು.

ಲೆಕ್ಕ ಹಾಕಿ ನೋಡಿ. 30 ವರ್ಷಗಳಲ್ಲಿ 15,000 ಸ್ಥಾನಗಳು. ಒಬ್ಬರಿಗೆ ಹೆಚ್ಚೆಂದರೆ ಎರಡು ಸಲ ಅಂದರೆ ಕನಿಷ್ಠ 7,500 ಮಂದಿ ರಾಜ್ಯದ ಆಡಳಿತವನ್ನು ಒಳಗಿನಿಂದ ಕಂಡಿರುತ್ತಿದ್ದರು. ಇಡೀ ಪ್ರಜೆಗಳ ಸಂಖ್ಯೆ ಕ್ರಿ.ಪೂ. 4ನೇ ಶತಮಾನದಲ್ಲಿ ಸುಮಾರು 30,000!

ಹಾಗೆಂದು ಯಾರು ಬೇಕಾದರೂ ಬಂದು ಕೂರುವಂತಿರಲಿಲ್ಲ. ಹೆಸರು ಬಂದ ಮೇಲೆ ವಿಚಾರಣೆ ಇತ್ತು. ತಂದೆ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ? ತೆರಿಗೆ ಕಟ್ಟಿದ್ದೀಯಾ? ಸೈನ್ಯದಲ್ಲಿ ಸೇವೆ ಮಾಡಿದ್ದೀಯಾ? ಇಂಥವೇ ಪ್ರಶ್ನೆಗಳು. ಯುದ್ಧ ನಡೆಸುವ ಹತ್ತು ಸೇನಾಪತಿಗಳಂಥ ಕೆಲವರನ್ನು ಮಾತ್ರ ಮತ ಹಾಕಿ ಆರಿಸುತ್ತಿದ್ದರು. ಪೆರಿಕ್ಲಿಸ್ ವರ್ಷಗಟ್ಟಲೆ ಪ್ರಭಾವ ಉಳಿಸಿಕೊಂಡದ್ದು ಈ ಹುದ್ದೆಯಿಂದ. ಬಡವರು ದಿನಗೂಲಿ ಬಿಟ್ಟು ನ್ಯಾಯಮಂಡಳಿಗೆ ಬರಲಾರರು ಎಂದು ಅದೇ ಪೆರಿಕ್ಲಿಸ್ ಭತ್ಯೆ ಕೊಡುವ ಪದ್ಧತಿ ತಂದ.

ಹೊರಗೆ ಉಳಿದವರು

ಇಷ್ಟೆಲ್ಲ ಓದಿ ಮರುಳಾಗುವ ಮೊದಲು ಒಂದು ಮಾತು. ‘ಪ್ರಜೆ’ ಎಂಬ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಮತ ಹಾಕುವವರಾಗಿ ಇರಲೇ ಇಲ್ಲ. ಗುಲಾಮರಿಗೂ ಜಾಗವಿಲ್ಲ. ಹಡಗು ಕಟ್ಟಿಸಿದ ಆ ಬೆಳ್ಳಿಯನ್ನು ಗಣಿಯಲ್ಲಿ ಅಗೆದವರು ಗುಲಾಮರೇ. ಬೇರೆ ಊರಿನಿಂದ ಬಂದು ನೆಲೆಸಿದವರು ತೆರಿಗೆ ಕಟ್ಟಬೇಕು, ಕರೆದಾಗ ಸೈನ್ಯಕ್ಕೂ ಹೋಗಬೇಕು, ಆದರೆ ಸಭೆಯಲ್ಲಿ ಕೈ ಎತ್ತುವಂತಿಲ್ಲ. ರಾಜ್ಯಶಾಸ್ತ್ರದ ಮೂಲಪುರುಷ ಎಂದು ನಾವು ಓದುವ ಅರಿಸ್ಟಾಟಲ್ ಕೂಡ ಅಥೆನ್ಸ್‌ಗೆ ಹೊರಗಿನವನು. ಅಲ್ಲಿ ಅವನಿಗೆ ಮತವಿರಲಿಲ್ಲ.

ಒಳಗಿದ್ದವರೂ ತಪ್ಪು ಮಾಡಿದರು. ಕ್ರಿ.ಪೂ. 406ರಲ್ಲಿ ನೌಕಾಯುದ್ಧ ಗೆದ್ದು ಬಂದ ಸೇನಾಪತಿಗಳ ಮೇಲೆ, ಬಿರುಗಾಳಿಯಲ್ಲಿ ತಮ್ಮವರನ್ನು ರಕ್ಷಿಸಲಿಲ್ಲವೆಂಬ ಆರೋಪ ಬಂತು. ಎಲ್ಲರನ್ನೂ ಒಟ್ಟಿಗೆ ಸೇರಿಸಿ ಒಂದೇ ಮತಕ್ಕೆ ಹಾಕಬೇಕೆಂದು ಸಭೆ ಕೂಗಾಡಿತು. ಅದು ಕಾನೂನಿಗೆ ವಿರುದ್ಧ ಎಂದು ಮಂಡಳಿಯಲ್ಲಿದ್ದ ಒಬ್ಬ ಸದಸ್ಯ ಕೊನೆಯವರೆಗೂ ಒಪ್ಪಲಿಲ್ಲ. ಅವನೇ ಸಾಕ್ರೆಟಿಸ್. ಅವನ ಮಾತು ನಡೆಯಲಿಲ್ಲ. ಆರು ಸೇನಾಪತಿಗಳಿಗೆ ಮರಣದಂಡನೆಯಾಯಿತು. ಆಮೇಲೆ ಜನ ಪಶ್ಚಾತ್ತಾಪಪಟ್ಟರು. ಏಳು ವರ್ಷಗಳ ಬಳಿಕ ಅದೇ ಊರಿನ ನ್ಯಾಯಮಂಡಳಿ ಸಾಕ್ರೆಟಿಸ್‌ಗೂ ವಿಷ ಕುಡಿಸಿತು.

ವಿಚಿತ್ರವೆಂದರೆ, ಚೀಟಿ ಎತ್ತುವ ಪದ್ಧತಿಯನ್ನು ಟೀಕಿಸುತ್ತಿದ್ದವನೂ ಸಾಕ್ರೆಟಿಸನೇ. ಹಡಗು ನಡೆಸುವವನನ್ನು ಯಾರಾದರೂ ಹಾಗೆ ಆರಿಸುತ್ತಾರೆಯೇ ಎಂಬುದು ಅವನ ಪ್ರಶ್ನೆ. ಆದರೆ ಆ ದಿನ ಕಾನೂನಿನ ಪರ ನಿಲ್ಲುವ ಜಾಗ ಅವನಿಗೆ ಸಿಕ್ಕಿದ್ದು ಅದೇ ಚೀಟಿಯಿಂದ.

ನಮಗೇನು?

ಇಂದಿನ ದೊಡ್ಡ ದೇಶಗಳನ್ನು ಚೀಟಿ ಎತ್ತಿ ನಡೆಸಲಾಗದು, ನಿಜ. ಆದರೆ ಅಥೆನ್ಸ್‌ನ ಒಂದು ನಿಯಮ ಮಾತ್ರ ಇಂದಿಗೂ ಹೊಸದೆನಿಸುತ್ತದೆ. ಅವಧಿ ಮುಗಿದ ಪ್ರತಿಯೊಬ್ಬ ಅಧಿಕಾರಿಯೂ ಖರ್ಚುವೆಚ್ಚದ ಲೆಕ್ಕ ಒಪ್ಪಿಸಬೇಕಿತ್ತು. ಅದು ಮುಗಿಯುವವರೆಗೆ ನಾಡು ಬಿಟ್ಟು ಹೋಗುವಂತಿರಲಿಲ್ಲ. ಯಾವ ಪ್ರಜೆ ಬೇಕಾದರೂ ದೂರು ಕೊಡಬಹುದಿತ್ತು.

ನಮ್ಮಲ್ಲಿ ಎಷ್ಟೋ ಮಂದಿ ಸರ್ಕಾರಿ ಕುರ್ಚಿಗಾಗಿ ವರ್ಷಗಟ್ಟಲೆ ಓದುತ್ತಿದ್ದೇವೆ. ಕೂರುವುದು ಹೇಗೆ ಎಂದು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ಎದ್ದು ಹೋಗುವಾಗ ಜನರ ಮುಂದೆ ನಿಂತು ಲೆಕ್ಕ ಕೊಡುವ ಧೈರ್ಯ ನಮಗಿದೆಯೇ? ಆ ಪ್ರಶ್ನೆಗೆ ಉತ್ತರ ಯಾವ ಗೈಡ್‌ನಲ್ಲೂ ಸಿಗುವುದಿಲ್ಲ.