ಸ್ತೋಯಿಕರ ಸಮಚಿತ್ತವೂ ಕ್ರೈಸ್ತರ ಕಣ್ಣೀರೂ

ಸಾವು ಸಂಭವಿಸಿದ ಮನೆಯಲ್ಲಿ ಸಭಾಪಾಲಕರಾದ ನಾವು ಆಡುವ ಮೊದಲ ಮಾತು ಅನೇಕ ವೇಳೆ ‘ಅಳಬೇಡಿ’ ಎಂಬುದೇ ಆಗಿರುತ್ತದೆ. ಅದಕ್ಕೆ ಆಧಾರವಾಗಿ ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ಓದುತ್ತೇವೆ. ಆದರೆ ಅಪೊಸ್ತಲನು ಅಲ್ಲಿ ಬೇಡವೆನ್ನುವುದು ನಿರೀಕ್ಷೆಯಿಲ್ಲದವರು ದುಃಖಿಸುವ ರೀತಿಯನ್ನು ಮಾತ್ರ. ದುಃಖವನ್ನೇ ಅವನು ನಿಷೇಧಿಸಿಲ್ಲ. ದುಃಖವೆಂಬುದೇ ತಿಳಿವಿನ ಕೊರತೆ, ಬಲ್ಲವನ ಒಳಗೆ ಅದಕ್ಕೆ ಎಡೆಯಿರಬಾರದು ಎಂದು ಕ್ರಮಬದ್ಧವಾಗಿ ಬೋಧಿಸಿದವರು ಬೇರೆ. ಅವರು ಸ್ತೋಯಿಕರು. ಅವರ ಬೋಧನೆ ಯಾವುದು, ಅದರ ಬಲವೆಲ್ಲಿ, ಕ್ರೈಸ್ತ ಸಭೆ ಅದರೊಡನೆ ಎಲ್ಲಿಯವರೆಗೆ ನಡೆಯಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸೈಪ್ರಸ್ ದ್ವೀಪದ ಕಿತಿಯಂ ಪಟ್ಟಣದ ಜೆನೋ ಎಂಬವನು ಕ್ರಿ.ಪೂ. 300ರ ಸುಮಾರಿಗೆ ಅಥೇನೆಯ ಚಿತ್ರಾಲಂಕೃತ ಕಂಬಸಾಲೆಯೊಂದರಲ್ಲಿ ಬೋಧಿಸತೊಡಗಿದನು. ಕಂಬಸಾಲೆಗೆ ಗ್ರೀಕಿನಲ್ಲಿ ‘ಸ್ತೋವಾ’ ಎಂದು ಹೆಸರು. ಪಂಥದ ಹೆಸರು ಅದರಿಂದಲೇ ಬಂತು. ಪೌಲನು ಅಥೇನೆಯಲ್ಲಿ ಇವರ ಅನುಯಾಯಿಗಳೊಡನೆ ಚರ್ಚಿಸಿದ ಸಂಗತಿ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿದೆ. ಅವನಿಗೆ ಈ ಪಂಥ ಅಪರಿಚಿತವಾಗಿದ್ದಿರಲಾರದು: ಹುಟ್ಟೂರಾದ ತಾರ್ಸವು ಸ್ತೋಯಿಕ ಪಂಡಿತರಿಗೆ ಹೆಸರಾಗಿತ್ತು. ಕೊರಿಂಥದಲ್ಲಿ ಅವನ ಮೇಲಿನ ದೂರನ್ನು ತಳ್ಳಿಹಾಕಿದ ಅಧಿಪತಿ ಗಲ್ಲಿಯೋನನು ಸ್ತೋಯಿಕ ಲೇಖಕ ಸೆನೆಕಾನ ಅಣ್ಣನೆಂಬುದನ್ನೂ ನೆನೆಯಬಹುದು.

ಸ್ತೋಯಿಕರ ಮೂಲಸೂತ್ರ ಸರಳ. ಸದ್ಗುಣವೊಂದೇ ಒಳಿತು, ದುರ್ಗುಣವೊಂದೇ ಕೇಡು. ಆರೋಗ್ಯ, ಸಂಪತ್ತು, ಮಕ್ಕಳು, ಪ್ರಾಣ ಇವೆಲ್ಲ ಬಯಸತಕ್ಕವುಗಳಾದರೂ ನಿಜವಾದ ಒಳಿತುಗಳಲ್ಲ; ಆದುದರಿಂದ ಅವುಗಳ ನಷ್ಟ ನಿಜವಾದ ಕೇಡೂ ಅಲ್ಲ. ಇದರ ಜೊತೆಗೆ ಅವರು ಇನ್ನೊಂದು ಸೂಕ್ಷ್ಮವಾದ ಮಾತನ್ನು ಹೇಳಿದರು. ಭಾವೋದ್ವೇಗವೆಂಬುದು ಕುರುಡು ಅಲೆಯಲ್ಲ, ಅದು ಒಂದು ತೀರ್ಮಾನ. ಮುಂದೆ ಕೇಡಿದೆ ಎಂಬ ತೀರ್ಮಾನವೇ ಭಯ, ಮುಂದೆ ಒಳಿತಿದೆ ಎಂಬುದು ಆಸೆ, ಒಳಿತು ಕೈಸೇರಿದೆ ಎಂಬುದು ಸುಖಲೋಲತೆ, ಕೇಡು ಬಂದೊದಗಿದೆ ಎಂಬುದು ದುಃಖ. ಅಜ್ಞಾನಿಯಲ್ಲಿ ಈ ನಾಲ್ಕೂ ತಪ್ಪು ತೀರ್ಮಾನಗಳು. ಜ್ಞಾನಿಯಲ್ಲಿ ಇವುಗಳ ಸ್ಥಾನದಲ್ಲಿ ಸರಿಯಾದ ಭಾವಗಳು ನೆಲೆಸುತ್ತವೆ: ಭಯಕ್ಕೆ ಬದಲಾಗಿ ಎಚ್ಚರ, ಆಸೆಗೆ ಬದಲಾಗಿ ಸದಿಚ್ಛೆ, ಸುಖಲೋಲತೆಗೆ ಬದಲಾಗಿ ಹರ್ಷ. ದುಃಖಕ್ಕೆ ಬದಲಾಗಿ ಏನು? ಏನೂ ಇಲ್ಲ. ಆ ಸ್ಥಾನ ಖಾಲಿ. ದುರ್ಗುಣವೊಂದೇ ಕೇಡಾದ ಮೇಲೆ, ದುರ್ಗುಣವಿಲ್ಲದ ಜ್ಞಾನಿಗೆ ಬಂದೊದಗುವ ಕೇಡು ಯಾವುದೂ ಇಲ್ಲವಲ್ಲ! ಅವರ ತರ್ಕದಲ್ಲಿ ಬಿರುಕಿಲ್ಲ. ನಮ್ಮ ನಾಡಿನ ಓದುಗರಿಗೆ ಇಲ್ಲಿ ಸ್ಥಿತಪ್ರಜ್ಞನೆಂಬ ಪದ ನೆನಪಾಗುವುದು ಸಹಜ. ಆದರೆ ಅದರ ತಾತ್ತ್ವಿಕ ನೆಲೆ ಬೇರೆಯಾದುದರಿಂದ ಆ ಹೋಲಿಕೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಈ ಬೋಧನೆಯನ್ನು ಕಲ್ಲೆದೆಯವರ ಮಾತೆಂದು ತಳ್ಳಿಬಿಡುವುದು ಅನ್ಯಾಯ. ಎಪಿಕ್ಟೇಟಸನು ದಾಸನಾಗಿದ್ದವನು, ಕುಂಟ. ದೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನು ಹೊರಗಟ್ಟಿದಾಗ ನಿಕೊಪೊಲಿಯಲ್ಲಿ ನೆಲೆಸಿ ಶಾಲೆ ನಡೆಸಿದನು. ಪ್ರಿಯವಾದ ಮಡಿಕೆಯನ್ನು ಒಡೆಯುವ ವಸ್ತುವೆಂದೂ, ಮುದ್ದಿಡುವ ಮಗುವನ್ನು ಮರ್ತ್ಯವೆಂದೂ ನೆನೆದುಕೊಳ್ಳಬೇಕೆಂಬುದು ಅವನ ಉಪದೇಶ. ಅಳುತ್ತಿರುವವನನ್ನು ಕಂಡರೆ ಒಳ್ಳೆಯ ಮಾತಾಡು, ಬೇಕಾದರೆ ಅವನೊಡನೆ ನರಳು, ಆದರೆ ಅಂತರಂಗದಲ್ಲಿ ಮಾತ್ರ ನರಳಬೇಡ ಎಂಬುದೂ ಅವನದೇ. ಇಂಥ ಮಾತನಾಡಿದವನೇ ಬಡತನದಿಂದ ತ್ಯಜಿಸಲ್ಪಡಲಿದ್ದ ಸ್ನೇಹಿತನ ಮಗುವನ್ನು ತೆಗೆದುಕೊಂಡು ಸಾಕಿದನೆಂದು ಸಿಂಪ್ಲಿಕಿಯಸ್ ತಿಳಿಸುತ್ತಾನೆ. ಸೆನೆಕಾನೂ ಗೆಳೆಯ ಸೆರೆನಸನು ತೀರಿಕೊಂಡಾಗ ತಾನು ಮಿತಿಮೀರಿ ಅತ್ತೆನೆಂದು ಲುಸಿಲಿಯಸನಿಗೆ ಬರೆದ ಕಾಗದದಲ್ಲಿ ಒಪ್ಪಿಕೊಳ್ಳುತ್ತಾನೆ; ತನ್ನನ್ನು ದುಃಖಕ್ಕೆ ಸೋತವರ ಸಾಲಿಗೆ ಸೇರಿಸುತ್ತಾನೆ. ಒಪ್ಪಿಕೊಂಡದ್ದು ಸೋಲೆಂದು, ಪ್ರೀತಿಯೆಂದಲ್ಲ. ಇದನ್ನು ಗಮನಿಸಬೇಕು.

ಎಪಿಕ್ಟೇಟಸನ ಬೋಧನೆಯ ಕೈಪಿಡಿಯನ್ನು ಕ್ರೈಸ್ತ ಸನ್ಯಾಸಿಗಳು ತಮ್ಮ ಬಳಕೆಗಾಗಿ ತಿದ್ದಿಕೊಂಡರು. ಅಂಥ ಒಂದು ಪಾಠದಲ್ಲಿ ಸಾಕ್ರಟೀಸನ ಹೆಸರನ್ನು ತೆಗೆದು ಪೌಲನ ಹೆಸರನ್ನು ಇಟ್ಟಿದ್ದಾರೆ. ಹೆಸರು ಬದಲಿಸಿದರೆ ಸಾಕೇ?

ಸಂತ ಅಗಸ್ಟೀನನಿಗೆ ಸಾಲದೆಂದು ತೋರಿತು. ‘ದೇವನಗರ’ದ ಒಂಬತ್ತನೆಯ ಪುಸ್ತಕದಲ್ಲಿ ಅವನು ಔಲಸ್ ಗೆಲ್ಲಿಯಸನಿಂದ ಒಂದು ಕಥೆಯನ್ನು ಎತ್ತಿಕೊಳ್ಳುತ್ತಾನೆ. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಸ್ತೋಯಿಕ ಗುರುವೊಬ್ಬನ ಮುಖ ಬಿಳಿಚಿಕೊಂಡಿತು. ಸಹಪ್ರಯಾಣಿಕನಾದ ಧನಿಕನೊಬ್ಬ ಹಾಸ್ಯಮಾಡಿದ. ಆಮೇಲೆ ಗೆಲ್ಲಿಯಸನು ಕಾರಣ ಕೇಳಿದಾಗ ಆ ಗುರು ತನ್ನ ಗಂಟಿನಿಂದ ಎಪಿಕ್ಟೇಟಸನ ಪುಸ್ತಕವನ್ನು ತೆಗೆದು ತೋರಿಸಿದ: ಮೊದಲ ನಡುಕ ಯಾರಿಗೂ ತಪ್ಪದು, ಜ್ಞಾನಿಯು ಅದಕ್ಕೆ ಸಮ್ಮತಿ ಕೊಡುವುದಿಲ್ಲ, ಅಷ್ಟೇ. ಅಗಸ್ಟೀನನು ಈ ವಿವರಣೆಯನ್ನು ಪೂರ್ತಿ ನಿರಾಕರಿಸುವುದಿಲ್ಲ. ಅವನ ಪ್ರಶ್ನೆ ಮುಂದಿನ ಅಧ್ಯಾಯದಲ್ಲಿದೆ: ಸ್ತೋಯಿಕರು ಕನಿಕರವನ್ನೂ ದೋಷವೆಂದೆಣಿಸಿದರಲ್ಲ, ಇನ್ನೊಬ್ಬರ ಕಷ್ಟಕ್ಕೆ ನಮ್ಮ ಹೃದಯ ಮಿಡಿದು ನೆರವಿಗೆ ಧಾವಿಸುವಂತೆ ಮಾಡುವುದೇ ಕನಿಕರವಾದರೆ ಅದು ದೋಷವಾಗುವುದು ಹೇಗೆ? ಹದಿನಾಲ್ಕನೆಯ ಪುಸ್ತಕದಲ್ಲಿ ಅವನು ನಾವು ಮೇಲೆ ಹೇಳಿದ ಖಾಲಿ ಸ್ಥಾನಕ್ಕೇ ಕೈಯಿಡುತ್ತಾನೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ದೇವರ ಚಿತ್ತಾನುಸಾರವಾದ ದುಃಖವೊಂದಿದೆ ಎಂದಿರುವುದನ್ನು ಮುಂದಿಡುತ್ತಾನೆ. ಕರ್ತನಲ್ಲಿ ಕಂಡ ಮಾನವ ಭಾವಗಳು ನಟನೆಯಲ್ಲವೆಂದು ಒತ್ತಿಹೇಳುತ್ತಾನೆ.

ಇಲ್ಲಿಯೇ ವಿಷಯದ ತಿರುಳಿದೆಯೆಂದು ನಮಗೆ ತೋರುತ್ತದೆ. ಭಾವದೊಳಗೆ ತೀರ್ಮಾನ ಅಡಗಿದೆ ಎಂಬ ಸ್ತೋಯಿಕರ ಮಾತನ್ನು ನಾವು ಒಪ್ಪಬಹುದು, ಒಪ್ಪಬೇಕು. ಭಿನ್ನಾಭಿಪ್ರಾಯವಿರುವುದು ತೀರ್ಮಾನದಲ್ಲಿ. ಸಾವು ಕೇಡಲ್ಲವಾದರೆ ಕಣ್ಣೀರು ತಪ್ಪು ಲೆಕ್ಕ. ಆದರೆ ಪೌಲನಿಗೆ ಮರಣವು ಶತ್ರು, ಕಡೆಯದಾಗಿ ನಾಶವಾಗಬೇಕಾದ ಶತ್ರು. ಹಾಗಿದ್ದರೆ ಸಮಾಧಿಯ ಮುಂದೆ ಅಳುವವನು ಸತ್ಯವನ್ನೇ ನುಡಿಯುತ್ತಿದ್ದಾನೆ. ಬೇಥಾನ್ಯದಲ್ಲಿ ಯೇಸುಸ್ವಾಮಿಯು ಲಾಜರನನ್ನು ಎಬ್ಬಿಸಲಿರುವುದನ್ನು ತಿಳಿದೇ ಇದ್ದನು, ಆದರೂ ಅತ್ತನು. ಪುನರುತ್ಥಾನದ ನಿಶ್ಚಯವು ಕಣ್ಣೀರನ್ನು ಅನಾವಶ್ಯಕಗೊಳಿಸುವುದಾಗಿದ್ದರೆ ಅಂದು ಅಲ್ಲಿ ಅದು ಹರಿಯಬಾರದಿತ್ತು.

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನೂ ಈ ಬೆಳಕಿನಲ್ಲಿ ಓದಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ತಾನು ಯಾವ ಸ್ಥಿತಿಯಲ್ಲಿಯೂ ಸಂತುಷ್ಟನಾಗಿರುವುದನ್ನು ಕಲಿತಿದ್ದೇನೆ ಎನ್ನುವಾಗ ಬಳಸುವ ‘ಔತಾರ್ಕೆಸ್’ ಎಂಬ ಪದಕ್ಕೆ ಸ್ತೋಯಿಕರಲ್ಲಿ ಸ್ವಯಂಪೂರ್ಣನೆಂಬ ಅರ್ಥವಿತ್ತು. ಪೌಲನಾದರೋ ಆ ತೃಪ್ತಿ ತನ್ನನ್ನು ಬಲಪಡಿಸುವಾತನಿಂದ ಬಂತೆನ್ನುತ್ತಾನೆ. ಸಭೆಯವರ ಕೊಡುಗೆಗೆ ಕೃತಜ್ಞನೂ ಆಗುತ್ತಾನೆ. ಇದು ವ್ಯಾಖ್ಯಾನಗಳಲ್ಲಿ ಸಾಮಾನ್ಯವಾಗಿ ಸಿಗುವ ಮಾತು. ಅದೇ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಮಾತ್ರ ಜೊತೆಗಿಟ್ಟು ಓದುವವರು ವಿರಳ. ಎಪಫ್ರೊದೀತನು ರೋಗದಿಂದ ಸಾಯುವ ಸ್ಥಿತಿಗೆ ಬಂದಿದ್ದಾಗ ದೇವರು ಕರುಣಿಸದಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಅಲ್ಲಿ ಬರೆದಿದ್ದಾನೆ. ಸಂತೃಪ್ತಿಯನ್ನು ಕಲಿತವನೇ ಗೆಳೆಯನ ಸಾವಿಗೆ ಹೆದರಿದ್ದನು. ಎರಡೂ ಒಂದೇ ಲೇಖನಿಯಿಂದ ಬಂದವು.

ಸ್ತೋಯಿಕರಿಂದ ಕಲಿಯುವುದು ನಮಗೆ ಬಹಳವಿದೆ. ಹೊಗಳಿಕೆ, ಪದವಿ, ವರ್ಗಾವಣೆಯ ಆದೇಶ ಇವುಗಳ ಮುಂದೆ ಸಭಾಪಾಲಕನ ಮನಸ್ಸು ಕದಡುವಾಗ, ಯಾವುದು ನಮ್ಮ ಅಧೀನ ಯಾವುದಲ್ಲ ಎಂಬ ಎಪಿಕ್ಟೇಟಸನ ವಿವೇಚನೆ ಒಳ್ಳೆಯ ಔಷಧ. ಆದರೆ ಅದನ್ನು ನಮ್ಮ ಮೇಲೆ ಪ್ರಯೋಗಿಸಿಕೊಳ್ಳುವುದು ಬೇರೆ, ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಪ್ರಯೋಗಿಸುವುದು ಬೇರೆ. 387ರಲ್ಲಿ ಓಸ್ತಿಯದಲ್ಲಿ ಮೋನಿಕಳು ತೀರಿಕೊಂಡಾಗ ಅಗಸ್ಟೀನನು ಬಲವಂತದಿಂದ ಕಣ್ಣೀರನ್ನು ತಡೆದುಕೊಂಡಿದ್ದನು. ಹುಡುಗ ಅದೆಯೊದಾತನು ಗಟ್ಟಿಯಾಗಿ ಅತ್ತಾಗ ಸುತ್ತಲಿದ್ದ ಎಲ್ಲರೂ ಅವನನ್ನು ಸುಮ್ಮನಾಗಿಸಿದರು. ಕೊನೆಗೆ ಏಕಾಂತದಲ್ಲಿ, ದೇವರ ಮುಂದೆ, ಅಗಸ್ಟೀನನು ತನ್ನ ಕಣ್ಣೀರನ್ನು ಹರಿಯಬಿಟ್ಟನೆಂದು ‘ಅರಿಕೆಗಳು’ ಗ್ರಂಥದ ಒಂಬತ್ತನೆಯ ಪುಸ್ತಕ ಹೇಳುತ್ತದೆ. ನಮ್ಮ ಶವಸಂಸ್ಕಾರದ ಆರಾಧನೆಗಳಲ್ಲಿ ಅದೆಯೊದಾತನಂಥವರನ್ನು ಸುಮ್ಮನಿರಿಸುವ ಕೈ ಬಹುಮಟ್ಟಿಗೆ ನಮ್ಮದೇ ಆಗಿರುತ್ತದೆ. ಅಳುವವರ ಸಂಗಡ ಅಳಬೇಕೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ಅಪ್ಪಣೆಕೊಡುವಾಗ, ಅಂತರಂಗವನ್ನು ಹೊರಗಿಟ್ಟು ಅಳಬೇಕೆಂಬ ಷರತ್ತು ಅಲ್ಲಿಲ್ಲ.