ಎಂ.ಕಾಂ.ಗೆ ಕೋಲಾರವೋ, ಜ್ಞಾನಭಾರತಿಯೋ? ನಗರಗೆರೆ ಮನೆಗಳ ಲೆಕ್ಕಾಚಾರ

ನಗರಗೆರೆ: ಗೌರಿಬಿದನೂರಿನಲ್ಲಿ ಡಿಗ್ರಿ ಮುಗಿಸಿದ ಹೋಬಳಿಯ ಮಕ್ಕಳಿಗೆ ಎಂಎ, ಎಂ.ಕಾಂ. ಅಂದ ಕೂಡಲೇ ಎರಡು ಹೆಸರು ಎದುರಾಗುತ್ತವೆ: ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿವಿ, ಜ್ಞಾನಭಾರತಿಯ ಬೆಂಗಳೂರು ವಿವಿ.

1964ರಲ್ಲಿ ಶುರುವಾದ ಬೆಂಗಳೂರು ವಿವಿಯನ್ನು 2017ರಲ್ಲಿ ಮೂರು ಭಾಗ ಮಾಡಿದಾಗ ನಮ್ಮ ಜಿಲ್ಲೆ ಉತ್ತರ ವಿವಿಗೆ ಬಂತು. ಹಾಗಂತ ಪಿಜಿಯೂ ಅಲ್ಲೇ ಮಾಡಬೇಕು ಅಂತೇನಿಲ್ಲ. ಹಳೇ ವಿಭಾಗಗಳು, ದೊಡ್ಡ ಲೈಬ್ರರಿ, ಸಾವಿರ ಎಕರೆ ದಾಟಿದ ಕ್ಯಾಂಪಸ್ಸು ಜ್ಞಾನಭಾರತಿಯ ಬಲ. ಉತ್ತರ ವಿವಿ ಇನ್ನೂ ಹೊಸದು.

ದಾರಿಯದ್ದೇ ತಮಾಷೆ. ‘ನಮ್ಮ’ ವಿವಿ ಇರುವ ಕೋಲಾರಕ್ಕೆ ಚಿಕ್ಕಬಳ್ಳಾಪುರ, ಚಿಂತಾಮಣಿ ಸುತ್ತಿ ಬಸ್ಸು ಬದಲಾಯಿಸಬೇಕು. ಬೆಂಗಳೂರಿಗಾದರೆ ಗೌರಿಬಿದನೂರಿಂದ ನೇರ ರೈಲು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿದರೆ ಜ್ಞಾನಭಾರತಿ ಸ್ಟೇಷನ್ನು.

ಆದರೆ ದಿನಾ ಓಡಾಡುವವರಿಗೆ ಸಿಗೋದು ಬರೀ ಕ್ಲಾಸು. ಸೆಮಿನಾರ್, ಆಟ, ಸಂಜೆ ಗೆಳೆಯರ ಜತೆ ಕೂತು ಓದೋದು, ಯಾವ ಪರೀಕ್ಷೆಗೆ ಅರ್ಜಿ ಕರೆದಿದ್ದಾರೆ ಅನ್ನೋ ಸುದ್ದಿ, ಎಲ್ಲವೂ ರೈಲಿನ ಟೈಮಿಗೆ ತಪ್ಪಿಹೋಗುತ್ತವೆ. ಸಂಜೆ ಅಂಗಡಿಗೆ ಮಗ ಬೇಕು ಅನ್ನೋ ಅಪ್ಪಂದಿರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅರ್ಜಿಗೂ ಮುಂಚೆ ಕ್ಲಾಸು ನಡೆಯುವ ದಿನವೇ ಹೋಗಿ, ಎರಡನೇ ವರ್ಷದವರನ್ನು ಮಾತಾಡಿಸುವುದು ಒಳ್ಳೇದು. ಕಾಯಂ ಅಧ್ಯಾಪಕರು ಎಷ್ಟು, ಅತಿಥಿಗಳು ಎಷ್ಟು ಅಂತ ಅವರೇ ಹೇಳ್ತಾರೆ. ಬಿಸಿಎಂ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ಅರ್ಜಿ ಬೇರೆಯೇ ಹಾಕಬೇಕು.