ದಾಸ್ತಾನಿನ ಮುನ್ನಂದಾಜು ಮತ್ತು ಉಪಕರಣಲಕ್ಷಣ ವಿಚಾರ

ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ಭಾಟ್ಟ, ಪ್ರಾಭಾಕರ ದರ್ಶನಗಳ ಉಪಾಧ್ಯಾಯರೂ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರೆಂದು ಕ್ರಿ. ಶ. 1058ರ ಶಾಸನದಿಂದ ತಿಳಿದುಬರುತ್ತದೆ. ವಾಕ್ಯವನ್ನು ಕೇಳಿದವನು ಕಾರ್ಯದಲ್ಲಿ ಪ್ರವೃತ್ತನಾಗುವುದು ಹೇಗೆಂಬುದು ಆ ಎರಡು ಮತಗಳ ಮುಖ್ಯ ವಿಚಾರಗಳಲ್ಲೊಂದು. ಈ ಪ್ರಶ್ನೆಯು ಇಂದು ಗಣಕಯಂತ್ರದ ವಿಷಯದಲ್ಲಿ ಮತ್ತೆ ಎದ್ದಿರುವುದರಿಂದ, ಅದನ್ನು ಸೇಡಂ, ಚಿಂಚೋಳಿಗಳ ಸೀಮೆಗೆ ಪರಿಚಿತವಾದ ತೊಗರಿಯ ಉಗ್ರಾಣವೊಂದರ ಕಲ್ಪಿತ ದೃಷ್ಟಾಂತದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕೃತಕ ಬುದ್ಧಿಮತ್ತೆಯ ಏಜೆಂಟು ಉಗ್ರಾಣದೊಳಕ್ಕೆ ಹೋಗಿ ಚೀಲಗಳನ್ನು ಎಣಿಸಲಾರದು. ದಾಸ್ತಾನು ತಿಳಿಯಲು ಒಂದು, ಬೇಡಿಕೆಯನ್ನು ಅಂದಾಜು ಮಾಡಲು ಒಂದು, ಖರೀದಿಯ ಆದೇಶ ಕಳುಹಿಸಲು ಒಂದು, ಹೀಗೆ ಅದಕ್ಕೆ ಉಪಕರಣಗಳನ್ನು ಒಪ್ಪಿಸಿರುತ್ತಾರೆ. ಪ್ರತಿಯೊಂದು ಉಪಕರಣಕ್ಕೂ ಹೆಸರು, ವಿವರಣೆ, ಕೊಡಬೇಕಾದ ಅಂಶಗಳ ಪಟ್ಟಿ ಇರುತ್ತವೆ. ಉಪಕರಣದ ಒಳಗಿನ ರಚನೆಯು ಸಾಮಾನ್ಯವಾಗಿ ಏಜೆಂಟಿಗೆ ಕಾಣದು. ಆದುದರಿಂದ ಆಯ್ಕೆಯ ಸಮಯದಲ್ಲಿ ಅದಕ್ಕೆ ವಿವರಣೆಯ ಶಬ್ದವೇ ಪ್ರಮಾಣ.

ಹೀಗಿರುವಲ್ಲಿ ವಿವರಣೆಯೆಂಬುದು ಉಪಕರಣದ ಲಕ್ಷಣವೇ ಸರಿ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುತ್ತಾರೆ. ಕಪಿಲವರ್ಣವುಳ್ಳದ್ದು ಹಸು ಎಂದರೆ ಬಿಳಿಯ ಹಸು ಬಿಟ್ಟುಹೋಗುತ್ತದೆ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಸೇರುತ್ತದೆ. ಒಂಟಿ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಹೊಂದದು. ಗಂಗೆದೊಗಲುಳ್ಳದ್ದು ಎಂದಾಗ ಲಕ್ಷಣವು ನಿಲ್ಲುತ್ತದೆ.

ಇದನ್ನು ಉಗ್ರಾಣಕ್ಕೆ ಅನ್ವಯಿಸೋಣ. ಹೆಸರು, ಕಡಲೆಗಳ ದಾಸ್ತಾನನ್ನೂ ತಿಳಿಸುವ ಉಪಕರಣಕ್ಕೆ “ತೊಗರಿಯ ದಾಸ್ತಾನು ತಿಳಿಸುತ್ತದೆ” ಎಂದಷ್ಟೇ ಬರೆದರೆ ಅವ್ಯಾಪ್ತಿ. ಕಡಲೆಯ ಲೆಕ್ಕ ಕೇಳಿದಾಗ ಏಜೆಂಟು ಅದನ್ನು ಮುಟ್ಟದು. “ದಾಸ್ತಾನಿಗೆ ಸಂಬಂಧಿಸಿದ ಎಲ್ಲವನ್ನೂ ಮಾಡುತ್ತದೆ” ಎಂದು ಬರೆದರೆ ಅತಿವ್ಯಾಪ್ತಿ; ಮುಂದಿನ ತಿಂಗಳಿಗೆ ಎಷ್ಟು ಬೇಕೆಂದು ಕೇಳಿದವನಿಗೆ ಇಂದು ಎಷ್ಟಿದೆಯೆಂಬ ಉತ್ತರ ದೊರೆಯಬಹುದು. ಹಿಂದಿನ 30 ದಿನಗಳ ಸರಾಸರಿಯನ್ನು ಮಾತ್ರ ತೆಗೆಯುವ ಉಪಕರಣವು “ಋತುಮಾನವನ್ನು ಗಣಿಸುತ್ತದೆ” ಎಂಬುದು ಅಸಂಭವ. ತೊಗರಿಯ ಕೊಯ್ಲು ಮುಖ್ಯವಾಗಿ ಡಿಸೆಂಬರ್, ಜನವರಿಗಳಲ್ಲಿ ಆಗುವುದಷ್ಟೆ. ಆ ಒಂದು ತಿಂಗಳ ಸುಗ್ಗಿಯ ವ್ಯಾಪಾರದಿಂದ ಮಳೆಗಾಲದ ಸ್ಥಿತಿಯನ್ನು ಅನುಮಾನಿಸಲಾಗದು.

ಪರಿಮಾಣವನ್ನೂ ಹೇಳತಕ್ಕದ್ದು. ವಾಡಿಯ ಸಿಮೆಂಟಿನ ವ್ಯಾಪಾರಿಗೆ ಚೀಲವೆಂದರೆ 50 ಕಿಲೋ. ಧಾನ್ಯದ ವ್ಯಾಪಾರಿಗೆ ಅಷ್ಟೇ ಆಗಬೇಕೆಂಬ ನಿಯಮವಿಲ್ಲ. ಶಹಾಬಾದಿನ ಕಲ್ಲನ್ನು ಚದರಡಿಯಿಂದ ಅಳೆದು ಮಾರಿ ಟನ್ನಿನಿಂದ ತೂಗಿ ಸಾಗಿಸುವಲ್ಲಿ, ಹಲಗೆಯ ದಪ್ಪ ತಿಳಿಯದೆ ಒಂದನ್ನು ಇನ್ನೊಂದಕ್ಕೆ ತಿರುಗಿಸಲಾಗದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಅಭಾವದ ವಿಚಾರ. ಇದ್ದಿದ್ದರೆ ಕಾಣುತ್ತಿತ್ತು ಎಂಬಲ್ಲಿ ಕಾಣದಿರುವುದು ಮಾತ್ರ ಇಲ್ಲವೆಂಬ ಜ್ಞಾನಕ್ಕೆ ಸಾಧಕ. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆಂದು ಸಿದ್ಧವಾಗದು. ಅಂತೆಯೇ ಸರಕು ಮುಗಿದ ದಿನ ಮಾರಾಟ ಸೊನ್ನೆಯಾದರೆ ಬೇಡಿಕೆಯೂ ಸೊನ್ನೆಯೆಂದು ಅರ್ಥವಲ್ಲ. 30 ದಿನಗಳಲ್ಲಿ 240 ಕ್ವಿಂಟಾಲು ಮಾರಾಟವಾಗಿದೆಯೆನ್ನೋಣ. ದಿನಕ್ಕೆ 8 ಎಂದು ತೋರುತ್ತದೆ. ಆದರೆ 10 ದಿನ ಉಗ್ರಾಣವೇ ಬರಿದಾಗಿದ್ದರೆ, ಸರಕಿದ್ದ 20 ದಿನಗಳ ಲೆಕ್ಕದಲ್ಲಿ ದಿನಕ್ಕೆ 12. ಹೊಸ ಸರಕು ಬರಲು 6 ದಿನ ಬೇಕಾದರೆ ಆ ಅವಧಿಗೆ ಬೇಕಾದದ್ದು 72 ಕ್ವಿಂಟಾಲು. ಮೊದಲಿನ ಲೆಕ್ಕದವನು 48ನ್ನೇ ಇಟ್ಟಿರುತ್ತಾನೆ. ಉಗ್ರಾಣ ಮತ್ತೆ ಬರಿದಾಗುತ್ತದೆ, ಸೊನ್ನೆಗಳು ಹೆಚ್ಚುತ್ತವೆ, ಮುಂದಿನ ಅಂದಾಜು ಇನ್ನೂ ಇಳಿಯುತ್ತದೆ. ಒಂದು ವಾಕ್ಯದ ಲೋಪದಿಂದ ಹುಟ್ಟಿದ ಕೊರತೆಯು ತನ್ನನ್ನು ತಾನೇ ಬೆಳೆಸಿಕೊಳ್ಳುವ ಬಗೆ ಇದು.

ಆದುದರಿಂದ ಬೇಡಿಕೆಯ ಉಪಕರಣಕ್ಕೆ ಇಂತಹ ವಿವರಣೆಯು ಯುಕ್ತವೆಂದು ತೋರುತ್ತದೆ: “ಒಂದು ಧಾನ್ಯದ ಮುಂದಿನ 1ರಿಂದ 30 ದಿನಗಳ ಬೇಡಿಕೆಯನ್ನು ಕ್ವಿಂಟಾಲುಗಳಲ್ಲಿ ಅಂದಾಜು ಮಾಡುತ್ತದೆ. ಹಿಂದಿನ 30 ದಿನಗಳಲ್ಲಿ ಸರಕು ಇದ್ದ ದಿನಗಳ ಸರಾಸರಿಯನ್ನು ಮಾತ್ರ ತೆಗೆಯುತ್ತದೆ, ಋತುಭೇದವನ್ನು ಗಣಿಸುವುದಿಲ್ಲ. ಈಗಿನ ದಾಸ್ತಾನನ್ನು ತಿಳಿಸುವುದಿಲ್ಲ. ಅದಕ್ಕೆ ದಾಸ್ತಾನಿನ ಉಪಕರಣವನ್ನು ಬಳಸಿರಿ. ದಾಖಲೆ ಸಿಗದಿದ್ದರೆ ಸೊನ್ನೆಯನ್ನು ಕೊಡದೆ ‘ದಾಖಲೆ ಇಲ್ಲ’ ಎನ್ನುತ್ತದೆ. ಖರೀದಿಯ ಆದೇಶವನ್ನು ಕಳುಹಿಸುವುದಿಲ್ಲ.” ಕಡೆಯ ವಾಕ್ಯವು ವ್ಯರ್ಥವಲ್ಲ. ನೋಡುವ ಉಪಕರಣಕ್ಕೂ ಹಣ ತೊಡಗಿಸುವ ಉಪಕರಣಕ್ಕೂ ಇರುವ ಭೇದವನ್ನು ಬಾಯಿಬಿಟ್ಟು ಹೇಳದಿದ್ದರೆ, ವಿಚಾರಿಸಲೆಂದು ಹೊರಟದ್ದು ಖರೀದಿಯಲ್ಲಿ ಮುಗಿಯಬಹುದು.

ಏಜೆಂಟು ಜಾಣವಾದರೆ ಇಷ್ಟೆಲ್ಲ ಏಕೆ, ಅದೇ ಊಹಿಸಲಿ ಎಂಬ ಆಕ್ಷೇಪ ಬರಬಹುದು. ಜಾಣನ ಊಹೆಯೇ ಹೆಚ್ಚು ಅಪಾಯಕರ. ಅದು ತಪ್ಪಾದರೂ ಯುಕ್ತಿಯುಕ್ತವಾಗಿ ಕಾಣುತ್ತದೆ. ಹಾಗೆಂದು ವಿಸ್ತರವೇ ಗುಣವೂ ಅಲ್ಲ. ಹಲವು ಉಪಕರಣಗಳ ವಿವರಣೆಗಳನ್ನು ಒಟ್ಟಿಗೆ ಓದುವ ಏಜೆಂಟಿಗೆ ಅನಾವಶ್ಯಕವಾದ ಮಾತು ಭೇದವನ್ನು ಮುಚ್ಚುತ್ತದೆ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನದ ಹೆಸರು ಮಿತಾಕ್ಷರಾ. ಅಕ್ಷರವು ಮಿತವಾಗಿರಬೇಕು, ಅರ್ಥವು ಮಿತವಾಗಬಾರದು.

ಪರೀಕ್ಷೆಯು ಸುಲಭ. ಉಗ್ರಾಣವನ್ನು ಬಲ್ಲ, ಆದರೆ ಗಣಕಯಂತ್ರವನ್ನರಿಯದ ಗುಮಾಸ್ತನೊಬ್ಬನಿಗೆ ವಿವರಣೆಗಳನ್ನು ಓದಿಸಿ, ಹತ್ತು ಪ್ರಶ್ನೆಗಳಿಗೆ ಯಾವ ಉಪಕರಣವೆಂದು ಕೇಳತಕ್ಕದ್ದು. ಅವನು ಎಲ್ಲಿ ತಡೆಯುವನೋ ಅಲ್ಲಿ ಲಕ್ಷಣವನ್ನು ತಿದ್ದಬೇಕು.